ತಲೆಬಾಗಿಲಿನ ಕೆಲಸ

ಫೆಬ್ರವರಿ 11, ಮಂಗಳವಾರ

ಚಿ. ತಕರಾರಮ್ಮನಿಗೆ ಅಪ್ಪನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಅರ್ಧ ಕ್ಷೇಮ ಎಂದು ಓದಿಕೊ. ಉಳಿದರ್ಧ ಏನೆಂದು ಹೇಳುವುದಕ್ಕೇ ಈ ಕಾಗದ. ತಡವಾಯಿತು, ತಪ್ಪಾಯಿತು, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತೀ. ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಮೂರನೆಯದಕ್ಕೆ ನೀನು ಅಳುತ್ತೀ, ನಾನು ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಇಳಿಯಕೂಡದು ಎಂದು ಡಾಕ್ಟರು ಹೇಳಿದ್ದಾರಲ್ಲ, ಮಲಗಿಕೊಂಡೇ ಓದು. ಎದ್ದು ಕೂತೆಯೋ, ಕಾಗದ ಕಸಿದುಕೊಳ್ಳಲು ಅಳಿಯಂದಿರಿಗೆ ಹೇಳಿಟ್ಟಿದ್ದೇನೆ.

ಮೊದಲು ಕೆಲಸದ ಸುದ್ದಿ. ನಿವೃತ್ತನಾದ ಮೇಲೆ ಯಾರ ಮನೆಯ ಗೋಡೆಯನ್ನೂ ಮುಟ್ಟುವುದಿಲ್ಲ ಎಂದು ನಿನ್ನಮ್ಮನಿಗೆ ಮಾತು ಕೊಟ್ಟಿದ್ದೆ. ಈಗ ಮರೆವು ಬಂದು ಅವಳಿರುವ ಆರೈಕೆಮನೆಯನ್ನೇ ಒಳಗಿನಿಂದ ಹೊಸದು ಮಾಡುವ ಕೆಲಸ ಹಿಡಿದಿದ್ದೇನೆ. ಅವರೇನೂ ಕರೆಯಲಿಲ್ಲ, ನಾನೇ ಹೋಗಿ ಮೇಲೆ ಬಿದ್ದೆ.

ಕಾರಣ ಇಷ್ಟು. ಕಳೆದ ತಿಂಗಳು ನಿನ್ನಮ್ಮ ತಲೆಬಾಗಿಲು ತೆಗೆದು ಹೊರಗೆ ಕಾಲಿಟ್ಟು, ಕಲ್ಲಿನ ಮೆಟ್ಟಿಲ ಮೇಲಿಂದ ಬಿದ್ದಳು. ಮೂಳೆ ಮುರಿದಿಲ್ಲ. ಹುಬ್ಬಿನ ಮೇಲೆ ಹೊಲಿಗೆ ಹಾಕಿದರು, ಈಗ ವಾಸಿಯಾಗಿದೆ. ನಿನಗೆ ಹೇಳಲಿಲ್ಲವೆಂದು ಆಮೇಲೆ ಬೈಯುವೆಯಂತೆ, ಈಗ ಮುಂದೆ ಓದು. ಬಿದ್ದ ಸುದ್ದಿ ಆರೈಕೆಮನೆಗಳಿಗೆ ಪರವಾನಗಿ ಕೊಡುವವರ ಕಿವಿಗೆ ಬಿತ್ತು. ಬಂದರು, ನೋಡಿದರು, ಬರೆದುಕೊಂಡರು, ಹೋದರು. ಮರುದಿನ ಮೇಲ್ವಿಚಾರಕಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ಸರ್, ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಮುಂದಿನ ತಿಂಗಳು ಮತ್ತೆ ಬರ್ತಾರಂತೆ. ಮರೆವಿನವರಲ್ಲಿ ಒಬ್ಬರಾದ್ರೂ ಆ ಬಾಗಿಲ ಹತ್ರ ನಿಂತಿದ್ದು ಕಂಡ್ರೆ ಆ ವಾರ್ಡನ್ನೇ ಮುಚ್ಚಿ ಅಂದಿದಾರೆ. ಎಲ್ಲರನ್ನೂ ದೊಡ್ಡ ಊರಿನ ಬೀಗದ ಕಟ್ಟಡಕ್ಕೆ ಕಳಿಸ್ಬೇಕಾಗುತ್ತೆ."

ಆ ಬೀಗದ ಕಟ್ಟಡವನ್ನು ನಾನು ಹೋಗಿ ನೋಡಿಬಂದೆ. ರೈಲಿನಲ್ಲಿ ಒಂದು ಇಡೀ ಹಗಲಿನ ದಾರಿ. ಚೊಕ್ಕಟವಾಗಿದೆ, ಸುಳ್ಳು ಹೇಳುವುದಿಲ್ಲ. ಕಿಟಕಿಗಳು ತಲೆಗಿಂತ ಮೇಲಿವೆ, ಬಾಗಿಲುಗಳು ನಂಬರು ಒತ್ತಿದರೆ ಮಾತ್ರ ತೆರೆಯುತ್ತವೆ, ಅಲ್ಲಿಯ ಹುಡುಗಿಯರು ರೋಗಿಗಳನ್ನು ಮಂಚದ ಸಂಖ್ಯೆಯಿಂದ ಕರೆಯುತ್ತಾರೆ. ಈ ವಯಸ್ಸಿನಲ್ಲಿ, ಈ ಸೊಂಟ ಇಟ್ಟುಕೊಂಡು ನಾನು ತಿಂಗಳಿಗೊಮ್ಮೆ ಅಲ್ಲಿಗೆ ಹೋದರೆ ಹೆಚ್ಚು. ಎರಡು ಭೇಟಿಗಳ ನಡುವೆ ಅವಳು ನನ್ನನ್ನು ಪೂರ್ತಿ ಮರೆತಿರುತ್ತಾಳೆ. ಮನೆಗೆ ಕರೆದುಕೊಂಡು ಬರೋಣವೆಂದರೆ, ಮನೆಯಲ್ಲಿಟ್ಟುಕೊಂಡು ನಾನು ಪಟ್ಟ ಪಾಡು ನಿನಗೆ ಗೊತ್ತೇ ಇದೆ. ಆದ್ದರಿಂದ ವಿಷಯ ಇಷ್ಟೇ ಕಣಮ್ಮ: ಆ ಒಂದು ಬಾಗಿಲನ್ನು ನಾನು ಗೆದ್ದರೆ ನಿನ್ನಮ್ಮ ಇಲ್ಲಿರುತ್ತಾಳೆ. ಸೋತರೆ ಇಲ್ಲ.

ಬೀಗ ಹಾಕಿದರಾಯಿತಲ್ಲ ಎನ್ನುತ್ತೀ. ಬೆಂಕಿ ಬಿದ್ದರೆ ಹೊರಗೋಡಲು ಆ ಭಾಗಕ್ಕೆಲ್ಲ ಅದೊಂದೇ ದಾರಿ, ಆದ್ದರಿಂದ ಅಗ್ನಿಶಾಮಕದವರು ಬೀಗ ಹಾಕಕೂಡದು ಎನ್ನುತ್ತಾರೆ. ಬಾಗಿಲು ಬದಲಿಸೋಣವೆಂದರೆ ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯವರು ಮುಟ್ಟಕೂಡದು ಎನ್ನುತ್ತಾರೆ. ಆ ಮನೆ ಯಾವನೋ ಹತ್ತಿ ವ್ಯಾಪಾರಿ ತನ್ನ ಮೀಸೆಗೆ ತಕ್ಕಂತೆ ಕಟ್ಟಿಸಿದ್ದು. ಹಜಾರದಲ್ಲಿ ನಾಲ್ಕು ಲಾರಿ ನಿಲ್ಲಿಸಬಹುದು. ಎದೆಯೆತ್ತರಕ್ಕೆ ಕರಿಮರದ ಹಲಗೆ, ನೆಲಕ್ಕೆ ಚದುರಂಗದಂತೆ ಕಪ್ಪು ಬಿಳುಪು ಕಲ್ಲು, ತಲೆಬಾಗಿಲಿನ ಮೇಲೆ ಬಣ್ಣದ ಗಾಜಿನ ಕಮಾನು. ಇದನ್ನೆಲ್ಲ ಕಾಯಲು ಇಲಾಖೆಯಿಂದ ಒಬ್ಬ ಅಧಿಕಾರಿ ವಾರಕ್ಕೊಮ್ಮೆ ಬರುತ್ತಾರೆ. "ಒಂದು ಮೊಳೆ ಕೂಡ ಹೊಡೀಬೇಡಿ ಸಾರ್, ಒಂದು ಮೊಳೆ ಕೂಡ!" ಎನ್ನುವುದೇ ಅವರ ಮಾತು. ನಾನು ಅವರಿಗೆ ಮೊಳೆ ಸಾಹೇಬರು ಎಂದು ಹೆಸರಿಟ್ಟಿದ್ದೇನೆ. ಒಳ್ಳೆಯ ಮನುಷ್ಯ. ಗೋಡೆಯನ್ನು ನೋಡುವಾಗ ಅವರ ಕಣ್ಣಲ್ಲಿ ಕಾಣುವ ಮಮತೆ ಮನುಷ್ಯರ ಮುಖ ನೋಡುವಾಗ ಕಾಣುವುದಿಲ್ಲ, ಅಷ್ಟೇ.

ಅಂದ ಚೆಂದವೆಲ್ಲ ಕಣ್ಣಿದ್ದವರಿಗೆ. ಅಲ್ಲಿರುವವರಿಗೆ ಅದು ಹಿಂಸೆ. ಮರೆವು ಬಂದವರ ಕಣ್ಣು ಬೇರೆ ಥರ ನೋಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಈಗ ಎದುರಿಗೇ ಕಂಡೆ. ಓಣಿಯ ಹೂಬಳ್ಳಿ ರತ್ನಗಂಬಳಿಯ ಮೇಲಿನ ಹೂವನ್ನು ಕೀಳಲು ನಿನ್ನಮ್ಮ ಬಗ್ಗುತ್ತಿದ್ದಳು. ಅಲ್ಲೊಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಆಳೆತ್ತರದ ಕನ್ನಡಿಯ ಮುಂದೆ ನಿಂತು, ಒಳಗಿದ್ದ ಮುದುಕನಿಗೆ "ಎಷ್ಟು ಸಲ ಹೇಳ್ಬೇಕೋ ನಿಂಗೆ, ಬೆಲ್ ಹೊಡೆದ ಮೇಲೆ ಒಳಗೆ ಬರ್ಬೇಡ ಅಂತ" ಎಂದು ದಿನಾ ಬೈಯುತ್ತಿದ್ದರು. ಆ ಮುದುಕನೂ ತಿರುಗಿ ಬೈಯುವುದನ್ನು ನೋಡಿ ಬೆವರುತ್ತಿದ್ದರು. ಹಜಾರದ ಕಪ್ಪು ಕಲ್ಲುಗಳಂತೂ ಅವರ ಪಾಲಿಗೆ ಗುಂಡಿಗಳು. ಊಟದ ಕೋಣೆಗೆ ಹೋಗಲು ಬಿಳಿಯಿಂದ ಬಿಳಿಗೆ ಹಾರುತ್ತಿದ್ದರು, ಇಲ್ಲವೇ ಗೋಡೆ ಹಿಡಿದು ನಿಂತು ಅಲ್ಲೇ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಎಲ್ಲರೂ ಅದಕ್ಕೆ ಹಟ ಎಂದು ಹೆಸರಿಟ್ಟಿದ್ದರು.

ನಾನು ಬಂದ ಮೇಲೆ ರತ್ನಗಂಬಳಿ ಅಟ್ಟ ಸೇರಿತು. ಕನ್ನಡಿಗೆ ಬಟ್ಟೆ ಹೊದಿಸಿದೆ. ಕಲ್ಲಿನ ಮೇಲೆ ಊಟದ ಕೋಣೆಯವರೆಗೂ ಒಂದೇ ಬಣ್ಣದ, ತಿಳಿಮಣ್ಣಿನ ಬಣ್ಣದ ನೆಲಹಾಸು ಹಾಸಿದೆ. ಮೊಳೆಯಿಲ್ಲ, ಅಂಟುಪಟ್ಟಿ ಮಾತ್ರ. ಶೌಚದ ಕೋಣೆಗಳ ಬಾಗಿಲ ಮೇಲೆ ದೂರದಿಂದ ಕಾಣುವಂತೆ ಹಳದಿ ಹಲಗೆ ನೇತುಹಾಕಿದೆ. ಮಂದ ಬಲ್ಬುಗಳನ್ನೆಲ್ಲ ಕಿತ್ತು ನೆರಳು ಬೀಳದ ದೀಪ ಹಾಕಿಸಿದೆ. ಮೊದಲ ದಿನ ಮೇಷ್ಟ್ರು ನೆಲಹಾಸಿನ ಮೇಲೆ ಕೈಬೀಸಿಕೊಂಡು ನಡೆದು ಊಟಕ್ಕೆ ಹೋದರು. ನರ್ಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಧೂಳು ಬಿದ್ದಿತ್ತು ಅಷ್ಟೇ.

ಉಳಿದಿರುವುದು ಆ ತಲೆಬಾಗಿಲು. ನಿನ್ನಮ್ಮ ಯಾವಾಗ ನೋಡಿದರೂ ಅಲ್ಲೇ. ಅವಳ ಜೊತೆಗೆ ಇನ್ನೂ ಮೂವರು ನಾಲ್ವರು. ಹಿಡಿದು ಕರೆದುಕೊಂಡು ಬಂದರೆ ಬರುತ್ತಾಳೆ, ತಿರುಗಿ ನೋಡುವಷ್ಟರಲ್ಲಿ ಮತ್ತೆ ಅಲ್ಲಿ. ನಾಳೆ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಲು ಮರದ ಮಡಚು ಪರದೆಯೊಂದು ಬರುತ್ತದೆ. ಗೋಡೆಯ ಬಣ್ಣದ್ದೇ. ಬಾಗಿಲು ಕಾಣದಿದ್ದರೆ ಬಾಗಿಲಿನ ನೆನಪೂ ಆಗುವುದಿಲ್ಲ ಎಂಬುದು ನನ್ನ ಲೆಕ್ಕ.

ಚಿಂತೆ ಮಾಡಬೇಡ. ಎಡಮಗ್ಗುಲಾಗಿ ಮಲಗು.

ನಿನ್ನ ಅಪ್ಪ


ಫೆಬ್ರವರಿ 24

ಚಿ. ತಕರಾರಮ್ಮನಿಗೆ,

ಆಶೀರ್ವಾದ. ನಿನ್ನ ಕಾಗದ ಬಂತು. ಬೈಗುಳ ಪೂರ್ತಿ ಎರಡು ಪುಟ, ಕ್ಷೇಮಸಮಾಚಾರ ಮೂರು ಸಾಲು. ಕೂಸು ಒದೆಯುತ್ತಿದೆ ಎಂಬ ಸಾಲನ್ನು ಮಾತ್ರ ನಿನ್ನಮ್ಮನಿಗೆ ಓದಿ ಹೇಳಿದೆ. "ಯಾರ ಮಗೂನೋ ಪಾಪ, ಚೆನ್ನಾಗಿರ್ಲಿ" ಎಂದಳು.

ಈ ಕಾಗದವನ್ನು ಬರೆಯುವುದೋ ಬೇಡವೋ ಎಂದು ಮೂರು ದಿನ ಒದ್ದಾಡಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಪರದೆ ಕೆಲಸಕ್ಕೆ ಬರಲಿಲ್ಲ. ನಿಲ್ಲಿಸಿದ ಮಧ್ಯಾಹ್ನವೇ ನಿನ್ನಮ್ಮ ಅದನ್ನು ಅಂದವಾಗಿ ಮಡಚಿ ಗೋಡೆಗೆ ಒರಗಿಸಿದಳು. ಅವಳು ಎಂದಾದರೂ ಅಡ್ಡ ನಿಂತ ಸಾಮಾನನ್ನು ಸಹಿಸಿದ್ದುಂಟೇ? ಭಾರದ ಸೋಫಾ ಇಟ್ಟರೆ ಅಗ್ನಿಶಾಮಕದವರ ತಕರಾರು. ಬಾಗಿಲ ಬಳಿ ಒಬ್ಬರನ್ನು ಕೂರಿಸೋಣವೆಂದರೆ ಇರುವ ಇಬ್ಬರು ನರ್ಸಮ್ಮಂದಿರಿಗೆ ಉಸಿರಾಡಲು ಬಿಡುವಿಲ್ಲ. ಪರವಾನಗಿಯವರು ಮುಂದಿನ ವಾರ ಎಂದು ತಾರೀಖು ಕೊಟ್ಟರು. ಮೇಲ್ವಿಚಾರಕಿ ನನ್ನನ್ನು ಕಂಡಾಗಲೆಲ್ಲ ಏನೂ ಕೇಳದೆ ಮುಖ ನೋಡತೊಡಗಿದರು. ಒಂದು ಬೆಳಿಗ್ಗೆ ಅವರ ಮೇಜಿನ ಮೇಲೆ ಬೀಗದ ಕಟ್ಟಡದವರ ಅರ್ಜಿಗಳ ಕಟ್ಟು ಕಂಡಿತು. ಅಂದು ಇಡೀ ದಿನ ನನಗೆ ಅನ್ನ ಇಳಿಯಲಿಲ್ಲ.

ಆಗ ಹೊಳೆಯಿತು. ಕಪ್ಪು ಕಲ್ಲು ಇವರ ಕಣ್ಣಿಗೆ ಗುಂಡಿಯಾಗಿ ಕಾಣುತ್ತದಲ್ಲ, ಆ ಗುಂಡಿಯನ್ನೇ ಬಾಗಿಲ ಮುಂದೆ ತೋಡಿದರೆ? ಒಂದು ಕಪ್ಪು ಮ್ಯಾಟು. ಮೊಳೆ ಬೇಡ, ಬೀಗ ಬೇಡ, ಅಡ್ಡ ನಿಲ್ಲುವ ಸಾಮಾನಿಲ್ಲ. ಬುದ್ಧಿ ಸರಿಯಿರುವವರು ಅದರ ಮೇಲೆ ನಡೆದು ಹೋಗುತ್ತಾರೆ, ಮರೆವಿನವರು ಅದರ ಅಂಚಿನಲ್ಲಿ ನಿಲ್ಲುತ್ತಾರೆ. ಇಷ್ಟು ಸುಲಭದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಅಂಗಡಿಯಲ್ಲಿ ಬೇಕೆಂದೇ ಹೊಳಪಿಲ್ಲದ ಕಪ್ಪನ್ನು ಆರಿಸಿದೆ, ಬೆಳಕು ಬಿದ್ದರೂ ತಳ ಕಾಣದ ಹಾಗೆ. ಹೊಸಿಲಿನಿಂದ ಒಳಕ್ಕೆ, ದಾಟಿ ಹೆಜ್ಜೆ ಇಡಲಾಗದಷ್ಟು ಅಗಲಕ್ಕೆ ಕತ್ತರಿಸಿ ನಾನೇ ಮಂಡಿಯೂರಿ ಹಾಸಿದೆ.

ಕೆಲಸ ಮಾಡಿತು. ಅಯ್ಯೋ, ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಮೇಷ್ಟ್ರು ಬಂದರು, ಅಂಚಿನಲ್ಲಿ ನಿಂತರು, ಬಗ್ಗಿ ನೋಡಿದರು, ಹಿಂದೆ ಸರಿದರು. ನಿನ್ನಮ್ಮನೂ ಬಂದು ನಿಂತು, ಕಾಲಿನ ಬೆರಳು ಮುಂದಿಟ್ಟು, ತಟ್ಟನೆ ಎಳೆದುಕೊಂಡಳು. ಸಂಜೆಯ ಹೊತ್ತಿಗೆ ಹಜಾರ ಖಾಲಿ. ಮೇಲ್ವಿಚಾರಕಿ ನನ್ನ ಕೈ ಕುಲುಕಿದರು. "ಸರ್, ನೀವು ದೇವರು" ಎಂದರು. ಮೊಳೆ ಸಾಹೇಬರು ಮ್ಯಾಟಿನ ಮೂಲೆ ಎತ್ತಿ ನೋಡಿ, ಕಲ್ಲಿಗೆ ಏನೂ ಆಗಿಲ್ಲವೆಂದು ತಲೆಯಾಡಿಸಿದರು. ನಾನೂ ಉಬ್ಬಿದೆ, ಸುಳ್ಳೇಕೆ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ತಲೆಬಾಗಿಲು ತೆರೆದು ಒಳಗೆ ಬಂದೆ. ನಿನ್ನಮ್ಮ ಹಜಾರದಲ್ಲಿದ್ದಳು. ನನ್ನನ್ನು ನೋಡಿದಳು. ಮುಖ ಅರಳಿತು. ಬಹಳ ದಿನಗಳ ಮೇಲೆ ಅವಳು ನನ್ನನ್ನು ಗುರುತು ಹಿಡಿದ ಬೆಳಿಗ್ಗೆ ಅದು. "ರೀ" ಎಂದು ಎರಡು ಹೆಜ್ಜೆ ಓಡಿ ಬಂದಳು. ಆಮೇಲೆ ನನ್ನ ಕಾಲ ಮುಂದಿನ ಕಪ್ಪು ಅವಳ ಕಣ್ಣಿಗೆ ಬಿತ್ತು.

ಅಂಥ ಕೂಗನ್ನು ನಾನು ನೀನು ಹುಟ್ಟಿದ ದಿನ ಹೆರಿಗೆಯ ಕೋಣೆಯ ಹೊರಗೂ ಕೇಳಿರಲಿಲ್ಲ. "ಬರಬೇಡಿ! ಬರಬೇಡಿ ರೀ, ಗುಂಡಿ ಇದೆ, ಬೀಳ್ತೀರಿ!" ನಾನು ಅಲ್ಲೇ ನಿಂತೆ. ಅವಳಿಗೆ ನಾನು ಅಂಚಿನಲ್ಲಿ ನಿಂತದ್ದು ಕಂಡು ಇನ್ನೂ ಭಯವಾಯಿತು. "ಹಿಂದೆ ಹೋಗಿ" ಎಂದಳು. ಹಿಂದೆ ಮೆಟ್ಟಿಲಿದೆ ಎಂದು ನೆನಪಾಯಿತೇನೋ, "ಬೇಡ, ಬೇಡ, ಅಲ್ಲಾಡಬೇಡಿ" ಎಂದಳು. ಆಮೇಲೆ ಏನು ಮಾಡಿದಳು ಗೊತ್ತೇ? ಮ್ಯಾಟಿನ ಆಚೆ ಬದಿಯಲ್ಲಿ ನೆಲದ ಮೇಲೆ ದಡಕ್ಕನೆ ಮಂಡಿಯೂರಿ, ಹೊಟ್ಟೆಯ ಮೇಲೆ ಮಲಗಿ, ನನ್ನ ಕಡೆ ಕೈ ಚಾಚಿದಳು. ನೆಲಕ್ಕೆ ಕೂತರೆ ಏಳಲು ನರ್ಸಮ್ಮನ ಆಸರೆ ಬೇಕಾದವಳು. "ಹಿಡ್ಕೊಳ್ಳಿ. ಗಟ್ಟಿ ಹಿಡ್ಕೊಳ್ಳಿ. ಯಾರಾದ್ರೂ ಹಗ್ಗ ತನ್ರೋ!"

ನಾನು ಮ್ಯಾಟಿನ ಮೇಲೆ ಕಾಲಿಟ್ಟು ನಡೆದೆ. ಬೇರೇನು ಮಾಡಲಿ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಹತ್ತಿರ ಕೂತು ಮುಟ್ಟಿದಾಗ ಕಣ್ಣು ಬಿಟ್ಟು, ಎರಡೂ ಕೈಯಲ್ಲಿ ನನ್ನ ಎದೆಗೆ ಹೊಡೆದಳು. "ಬುದ್ಧಿ ಇಲ್ವಾ ನಿಮ್ಗೆ? ಬುದ್ಧಿ ಇಲ್ವಾ? ಇಂಥದ್ದನ್ನ ಯಾರ್ ತೋಡಿದ್ರು ಇಲ್ಲಿ?" ಎಂದು ಅಳುತ್ತಲೇ ಕೇಳಿದಳು. ಯಾರು ತೋಡಿದರೆಂದು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎಲ್ಲ ಮರೆತಳು. ಮರೆಯದೆ ಉಳಿದದ್ದು ಅವಳ ಮೈ. ಮಂಡಿಗಳು ನೀಲಿಗಟ್ಟಿವೆ.

ಮ್ಯಾಟನ್ನು ನಾನೇ ಸುತ್ತಿ ಎತ್ತಿದೆ. ಮೇಲ್ವಿಚಾರಕಿ ಓಡಿ ಬಂದರು. "ಸರ್, ಏನ್ ಮಾಡ್ತಿದೀರಿ? ಇನ್ನು ನಾಲ್ಕು ದಿನ ಇದೆ. ಅವರು ಬಂದು ಹೋಗೋವರೆಗಾದ್ರೂ ಇರ್ಲಿ" ಎಂದರು. ಆಗುವುದಿಲ್ಲ ಎಂದೆ. "ನಿಮ್ಮೊಬ್ಬರ ಹೆಂಡತಿ ಅಲ್ಲ ಸರ್ ಇಲ್ಲಿರೋದು. ಮ್ಯಾಟ್ ತೆಗೆದ್ರೆ ಎಲ್ಲರೂ ಹೋಗ್ಬೇಕಾಗುತ್ತೆ. ಒಂದು ದಿನ ಹೆದರೋದು ದೊಡ್ಡದೋ, ಬೀಗದಲ್ಲಿ ಸಾಯೋವರೆಗೆ ಇರೋದು ದೊಡ್ಡದೋ, ನೀವೇ ಹೇಳಿ" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ ಎಂದು ನನಗೂ ಗೊತ್ತು. ಆದರೂ ಮ್ಯಾಟನ್ನು ಎತ್ತಿಕೊಂಡು ಹೋಗಿ ಕಸದ ಗಾಡಿಗೆ ಹಾಕಿದೆ. ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಪರವಾನಗಿಯವರು ಯಾವುದೋ ಕಾರಣಕ್ಕೆ ತಾರೀಖನ್ನು ಹತ್ತು ದಿನ ಮುಂದಕ್ಕೆ ಹಾಕಿದ್ದಾರೆ, ಅದೊಂದೇ ಸಮಾಧಾನ.

ನಿನಗೇನಾದರೂ ಹೊಳೆದರೆ ಬರೆ. ಜಗಳವಾಡಿದರೂ ಸರಿ, ಬರೆ.

ನಿನ್ನ ಅಪ್ಪ


ಮಾರ್ಚ್ 9

ಚಿ. ತಕರಾರಮ್ಮನಿಗೆ ಅನೇಕ ಆಶೀರ್ವಾದ.

ಸುದ್ದಿ ಮೊದಲು, ವಿವರ ಆಮೇಲೆ: ನಿನ್ನಮ್ಮ ಇಲ್ಲೇ ಇರುತ್ತಾಳೆ. ಪರವಾನಗಿಯವರು ಮೊನ್ನೆ ಬಂದರು, ನೋಡಿದರು, ಸಹಿ ಹಾಕಿದರು. ಈಗ ಉಸಿರು ಬಿಡು, ಆದರೆ ಏಳಬೇಡ.

ಇದರಲ್ಲಿ ಅರ್ಧ ಪುಣ್ಯ ನಿನ್ನದು. "ಬಾಗಿಲಿನ ಬಗ್ಗೆ ಆರು ಪುಟ ಬರೆದಿದ್ದೀಯ ಅಪ್ಪಾ, ಅಮ್ಮ ಅಲ್ಲಿ ನಿಂತು ಏನು ಮಾಡ್ತಾಳೆ ಅಂತ ಒಂದು ಸಾಲೂ ಬರೆದಿಲ್ಲ" ಎಂದು ತಕರಾರು ತೆಗೆದಿದ್ದೆಯಲ್ಲ. ಓದಿ ಮೊದಲು ಸಿಟ್ಟು ಬಂತು. ಏನು ಮಾಡುತ್ತಾಳೆ ಎಂದರೆ? ಹೊರಗೆ ಹೋಗಬೇಕೆಂದು ನಿಂತಿರುತ್ತಾಳೆ, ಮನೆಗೆ ಹೋಗಬೇಕು ಅನ್ನಿಸಿರುತ್ತದೆ, ಇದರಲ್ಲಿ ಬರೆಯುವುದೇನು? ಇಷ್ಟು ದಿನ ನಾನೂ ಹಾಗೇ ಅಂದುಕೊಂಡಿದ್ದೆ, ನರ್ಸಮ್ಮನೂ ಮೇಲ್ವಿಚಾರಕಿಯೂ ಹಾಗೇ ಅಂದುಕೊಂಡಿದ್ದರು. ಆದರೂ ನಿನ್ನ ಬಾಯಿಗೆ ಹೆದರಿ ಹೋಗಿ ನೋಡಿದೆ.

ಅಂದು ನಾನು ಮೆಟ್ಟಿಲ ಕಂಬಿಯ ಹಳೆಯ ಬಣ್ಣ ಉಜ್ಜುತ್ತಿದ್ದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಕೊರಳಿಗೆ ಟೇಪು ಹಾಕಿಕೊಂಡು, ಮೈಯೆಲ್ಲ ಧೂಳು ಮಾಡಿಕೊಂಡು ಅವಳ ಪಕ್ಕದಲ್ಲಿ ಹೋಗಿ ನಿಂತೆ. ಆ ವೇಷದಲ್ಲಿ ಅವಳಿಗೆ ನಾನು ಮೇಸ್ತ್ರಿ. "ಏನಮ್ಮಾ, ಹೊರಗೆ ಹೋಗ್ಬೇಕಾ?" ಎಂದು ಕೇಳಿದೆ.

"ನಾನ್ಯಾಕೆ ಹೋಗ್ಲಿ? ನಂಗೆ ಎಲ್ಲೂ ಹೋಗ್ಬೇಕಾಗಿಲ್ಲ" ಎಂದಳು. ದನಿ ತಗ್ಗಿಸಿ ನನ್ನ ಕಡೆ ಬಗ್ಗಿದಳು. "ನಮ್ಮನೆಯವ್ರು ಬರ್ತೀನಿ ಅಂತ ಹೇಳಿ ಹೋಗಿದಾರೆ ಮೇಸ್ತ್ರಿ. ಈಗ ಬಂದ್ಬಿಡ್ತಾರೆ. ನಾನಿಲ್ಲಿ ಇಲ್ದಿದ್ರೆ ಅವ್ರಿಗೆ ಯಾರು ಬಾಗಿಲು ತೆಗೀತಾರೆ? ಬೆಲ್ ಹೊಡೆಯೋಕೂ ಸಂಕೋಚ ಅವ್ರಿಗೆ. ನಿಂತು ನಿಂತು ವಾಪಸ್ ಹೋಗ್ಬಿಡ್ತಾರೆ."

ನಾನು ಬೆಳಿಗ್ಗೆ ಅವಳ ಕೋಣೆಗೆ ಹೋಗಿ ಹೊರಡುವಾಗ "ಬರ್ತೀನಿ ಕಣೇ" ಎನ್ನುತ್ತೇನೆ. ಊಟದ ಹೊತ್ತಿಗೆ ಇಣುಕಿ ಮತ್ತೆ "ಬರ್ತೀನಿ" ಎನ್ನುತ್ತೇನೆ. ಅಳತೆ ತೆಗೆಯಲು ಹೋಗುವಾಗ, ಮೊಳೆ ಸಾಹೇಬರು ಕರೆದಾಗ, ಸಂಜೆ ಮನೆಗೆ ಹೊರಡುವಾಗ, ಪ್ರತಿ ಸಲವೂ ಬರ್ತೀನಿ. ಹೋಗುವವರು ಹೇಳುವ ಮಾತು ಅದೇ ತಾನೇ? ನಮಗೆ ಅದು ಹೊರಡುವ ಮಾತು. ಮಿಕ್ಕಿದ್ದೆಲ್ಲ ಮರೆತವಳ ಕಿವಿಯಲ್ಲಿ ಆ ಕೊನೆಯ ಮಾತು ಮಾತ್ರ ಉಳಿಯುತ್ತದೆ. ಬರ್ತೀನಿ ಎಂದವರನ್ನು ಬಾಗಿಲು ತೆಗೆದು ಒಳಗೆ ಕರೆದುಕೊಳ್ಳಬೇಕಲ್ಲ, ಹೋಗಿ ನಿಲ್ಲುತ್ತಾಳೆ. ನಾನು ಅಲ್ಲಿ ಕೆಲಸ ಹಿಡಿದ ಮೇಲೆ ಅವಳು ಬಾಗಿಲಲ್ಲಿ ನಿಲ್ಲುವುದು ಯಾಕೆ ಜಾಸ್ತಿಯಾಯಿತೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದೆವು.

ಉಳಿದವರನ್ನೂ ಗಮನಿಸಿದೆ, ಎಲ್ಲರದೂ ಇದೇ ಕಥೆ. ಮೇಷ್ಟ್ರ ಮಗ ವಾರಕ್ಕೊಮ್ಮೆ ಬಂದು, ಎದ್ದು ನಿಂತು, "ಬರ್ಲಾ ಅಪ್ಪಾ?" ಎನ್ನುತ್ತಾನೆ. "ಬಾ" ಎಂದು ಮೇಷ್ಟ್ರು ಬಾಗಿಲಿಗೆ ಹೊರಡುತ್ತಾರೆ. ನರ್ಸಮ್ಮನಂತೂ ಕೋಣೆಯಿಂದ ಕೋಣೆಗೆ ಓಡುತ್ತ ದಿನಕ್ಕೆಷ್ಟು ಸಲ "ಈಗ ಬಂದೆ, ಈಗ ಬಂದೆ" ಎನ್ನುತ್ತಾಳೋ ಲೆಕ್ಕವಿಲ್ಲ.

ಮೇಲ್ವಿಚಾರಕಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಗಂಭೀರವಾದರು, ಆಮೇಲೆ ಎಲ್ಲರಿಗೂ ಅಪ್ಪಣೆ ಮಾಡಿದರು: ಇನ್ನು ಇಲ್ಲಿ ಯಾರೂ ಹೊರಡುವಾಗ ಬರ್ತೀನಿ ಅನ್ನಕೂಡದು, ಹೋಗ್ತೀನಿ ಅನ್ನಬೇಕು. ನೀನು ನೋಡಬೇಕಿತ್ತು ಆ ಫಜೀತಿಯನ್ನು. ಅಲ್ಲಿರುವ ಅಜ್ಜಿಯೊಬ್ಬರ ಸೊಸೆ "ಬಿಡ್ತು ಅನ್ನಿ! ವಯಸ್ಸಾದವ್ರ ಮುಂದೆ ಅಂಥ ಮಾತು ಆಡ್ತಾರಾ?" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಮೇಷ್ಟ್ರ ಮಗ "ಬ" ಎಂದು ಶುರುಮಾಡಿ, ನುಂಗಿ, "ಹೋ" ಎಂದು, ಅದನ್ನೂ ನುಂಗಿ, ಕೊನೆಗೆ "ಊಟ ಮಾಡಿ ಅಪ್ಪಾ" ಎಂದು ಓಡಿಹೋದ. ನರ್ಸಮ್ಮ "ಈಗ ಬಂ" ಎಂದು ನಾಲಿಗೆ ಕಚ್ಚಿಕೊಂಡಳು. ನಗೆಯೋ ನಗೆ. ಆದರೆ ಒಬ್ಬೊಬ್ಬರಾಗಿ ರೂಢಿ ಮಾಡಿಕೊಂಡರು. ಒಬ್ಬೊಬ್ಬರಾಗಿ ಬಾಗಿಲ ಬಳಿಯಿಂದ ಜನ ಕಡಿಮೆಯಾದರು. ಹೋಗ್ತೀನಿ ಎಂದು ಕೇಳಿಸಿಕೊಂಡವರು ಸ್ವಲ್ಪ ಹೊತ್ತು ಸಪ್ಪಗಿರುತ್ತಾರೆ, ಆಮೇಲೆ ಅವರ ಪಾಡಿಗೆ ಅವರು ಟೀವಿಯ ಮುಂದೆಯೋ ಕಿಟಕಿಯ ಮುಂದೆಯೋ ಹೋಗಿ ಕೂರುತ್ತಾರೆ.

ಕೊನೆಗೆ ಬಾಗಿಲಲ್ಲಿ ಉಳಿದವಳು ನಿನ್ನಮ್ಮ ಒಬ್ಬಳೇ. ಯಾಕೆಂದರೆ ಉಪಾಯ ಹೇಳಿಕೊಟ್ಟ ಮಹಾನುಭಾವನಿಗೇ ಆ ಮಾತು ಆಡಲು ಬಾಯಿ ಬರುತ್ತಿರಲಿಲ್ಲ. ಬೇರೆ ದಾರಿಗಳನ್ನೆಲ್ಲ ಹುಡುಕಿದೆ. "ಆಯ್ತು" ಎಂದೆ, "ಮಲ್ಕೋ" ಎಂದೆ. ಒಂದು ದಿನ ಏನೂ ಹೇಳದೆ ಮೆಲ್ಲನೆ ಎದ್ದು ಬಂದೆ. ಆಗ ಅವಳು ಮಂಚದ ಕೆಳಗೆ, ಬೀರುವಿನ ಹಿಂದೆ ನನ್ನನ್ನು ಹುಡುಕುತ್ತಿದ್ದಳಂತೆ. ಪರವಾನಗಿಯವರು ಬರುವ ಹಿಂದಿನ ದಿನ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದರು. "ಸರ್, ಎಲ್ಲರೂ ಹೇಳ್ತಿದಾರೆ. ನೀವು ಒಂದು ಮಾತು ಹೇಳೋಕಾಗದೆ ಅವರನ್ನ ಕಳ್ಕೊಳ್ತೀರಾ?" ಎಂದರು.

ಪರವಾನಗಿಯವರು ಬರುವ ಬೆಳಿಗ್ಗೆ ನಿನ್ನಮ್ಮನ ಕೋಣೆಯಲ್ಲಿ ಕೂತಿದ್ದೆ. ಹೊರಗೆ ಕಾರು ನಿಂತ ಸದ್ದಾಯಿತು. ನರ್ಸಮ್ಮ ಬಾಗಿಲಲ್ಲಿ ಇಣುಕಿ ನನ್ನ ಮುಖ ನೋಡಿ ಹೋದಳು. ನಾನು ಹೇಳಿದೆ. ಹೇಳಿ ಹೊರಗೆ ಬಂದು ಹಜಾರದ ಕಂಬದ ಮರೆಯಲ್ಲಿ ನಿಂತೆ.

ಬಂದವರು ಮೂವರು. ಹಿರಿಯಾಕೆ ನೆಲಹಾಸಿನ ಉದ್ದಕ್ಕೂ ನಡೆದು ನೋಡಿದರು, ಹಳದಿ ಹಲಗೆಗಳನ್ನು ನೋಡಿದರು, ಕನ್ನಡಿಗೆ ಯಾಕೆ ಬಟ್ಟೆ ಎಂದು ಕೇಳಿದರು. ಆಮೇಲೆ ಹಜಾರದ ನಡುವೆ ನಿಂತು, ಕೈಕಟ್ಟಿ, ತಲೆಬಾಗಿಲನ್ನೇ ನೋಡುತ್ತ ಬಹಳ ಹೊತ್ತು ಕಾದರು. ಒಳಗಿನಿಂದ ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ನಾನು ಕಂಬದ ಮರೆಯಿಂದ ಇಣುಕುತ್ತಿದ್ದೆ. ಒಮ್ಮೆ ಮೇಷ್ಟ್ರು ಬಂದರು. ಬಾಗಿಲ ಕಡೆ ನೋಡಲೂ ಇಲ್ಲ, ಆಕೆಯನ್ನೇ ನೋಡಿ "ನಿಂತ್ಕೊಂಡು ಯಾಕೆ ಟೈಮ್ ವೇಸ್ಟ್ ಮಾಡ್ತಿದೀಯಮ್ಮಾ? ಕ್ಲಾಸಿಗೆ ಹೋಗು" ಎಂದು ಗದರಿ ಊಟದ ಕೋಣೆಗೆ ಹೋದರು. ಆಕೆ ನಕ್ಕರು. ಬೇರೆ ಯಾರೂ ಬರಲಿಲ್ಲ. ನಿನ್ನಮ್ಮನೂ ಬರಲಿಲ್ಲ.

"ಬೀಗ ಹಾಕದೆ ಹೇಗೆ ಮಾಡಿದ್ರಿ ಇದನ್ನ?" ಎಂದು ಆಕೆ ಕೇಳಿದಾಗ ಮೇಲ್ವಿಚಾರಕಿ ನನ್ನ ಕಡೆ ಕೈ ತೋರಿಸಿದರು. ದೀಪ, ನೆಲಹಾಸು ಎಂದು ನಾನು ಏನೇನೋ ತೊದಲಿದೆ. ಮೊಳೆ ಸಾಹೇಬರಂತೂ ಇಡೀ ಕೆಲಸದಲ್ಲಿ ಗೋಡೆಗೆ ಒಂದು ತೂತೂ ಬಿದ್ದಿಲ್ಲವೆಂದು ನನ್ನನ್ನು ಅಪ್ಪಿಕೊಂಡರು. ಮೇಲಿನ ಮಹಡಿಯ ಕೆಲಸವನ್ನೂ ನೀವೇ ಮಾಡಬೇಕು ಎಂದಿದ್ದಾರೆ. ನೋಡೋಣ ಎಂದಿದ್ದೇನೆ.

ಹೀಗೆ ಎಲ್ಲ ಸರಿಹೋಯಿತು. ಇನ್ನು ನೀನು ನಿನ್ನ ಕೆಲಸ ಸರಿಯಾಗಿ ಮಾಡು. ದಿನಕ್ಕೆರಡು ಲೋಟ ಹಾಲು ಕುಡಿ, ಅಳಿಯಂದಿರ ಮೇಲೆ ರೇಗಬೇಡ. ನಿನಗೂ ಹುಟ್ಟುವ ಕೂಸಿಗೂ ನೂರು ವರ್ಷ ಆಯುಸ್ಸಿರಲಿ, ಕೂಸಿಗೆ ನಿನ್ನ ಬಾಯಿ ಬರದಿರಲಿ.

ನಿನ್ನ ಅಪ್ಪ

ಮತ್ತೊಂದು ಮಾತು. ಆ ಬೆಳಿಗ್ಗೆ ಹೇಗೆ ಹೇಳಿದೆ ಎಂದು ನೀನು ಕೇಳದೆ ಬಿಡುವವಳಲ್ಲ, ಮೊದಲೇ ಬರೆದುಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಬಾಯಿ ತಪ್ಪಿ "ಹೋಗ್ತೀನಿ" ಎಂದಿದ್ದೆ. ನಿನ್ನಮ್ಮ ಬೀದಿಯ ತಿರುವಿನವರೆಗೂ ಓಡಿ ಬಂದು, ಜನ ನೋಡುತ್ತಿದ್ದಾರೆ ಎನ್ನುವುದನ್ನೂ ಲೆಕ್ಕಿಸದೆ ನನ್ನ ಅಂಗಿ ಹಿಡಿದು ಮನೆಗೆ ಎಳೆದುಕೊಂಡು ಬಂದಳು. ಕೂರಿಸಿ, ನೀರು ಕುಡಿಸಿ, "ಈಗ ಸರಿಯಾಗಿ ಹೇಳಿ ಹೊರಡಿ" ಎಂದಳು. ಆಮೇಲೆ ಮೊನ್ನೆಯವರೆಗೆ ಆ ಮಾತು ಅವಳೆದುರು ನನ್ನ ಬಾಯಲ್ಲಿ ಬಂದಿರಲಿಲ್ಲ. ಮೊನ್ನೆ ಅವಳ ಎದುರಿಗೆ ಕೂತು "ಹೋಗ್ತೀನಿ ಕಣೇ" ಎಂದೆ. ಹೇಳಿದವನು ತಕ್ಷಣ ಏಳಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಹೊರಗೆ ಕಾರು ನಿಂತಿದ್ದರೂ, ಅವಳು ಬೈದರೆ ಎಲ್ಲವೂ ಮುಗಿಯಿತೆಂದು ಗೊತ್ತಿದ್ದರೂ, ಬೈಯಲಿ ಎಂದೇ ಕಾದೆ. ಅವಳು ಟವೆಲುಗಳನ್ನು ಮಡಚುತ್ತಿದ್ದಳು. ತಲೆಯೆತ್ತಿ ನೋಡಿ "ಸರಿ, ಹೋಗಿ" ಎಂದಳು. ಮುಂದಿನ ಟವೆಲು ಎತ್ತಿಕೊಂಡಳು.

ಈಗ ದಿನವೂ ಹಾಗೆಯೇ. ಸಂಜೆ ನಾನು ಹೊರಡುವಾಗ ಹಜಾರದಲ್ಲಿ ಯಾರೂ ಇರುವುದಿಲ್ಲ. ನಾನೇ ಬಾಗಿಲು ತೆಗೆದು, ಹೊಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾರೂ ಕರೆಯುವುದಿಲ್ಲ. ಆಮೇಲೆ ಹೋಗುತ್ತೇನೆ.